ಅಡುಗೆಮನೆಯಿಂದ ಬರೆದ ಗುಲಾಮಗಿರಿಯ ಚರಿತ್ರೆ

1833ರ ಜೂನ್ 16, ಭಾನುವಾರ. ಡೆಟ್ರಾಯಿಟ್ ಜೈಲಿನಲ್ಲಿದ್ದ ಲೂಸಿ ಬ್ಲ್ಯಾಕ್‌ಬರ್ನ್‌ಳನ್ನು ನೋಡಲು ಕ್ಯಾರೊಲಿನ್ ಫ್ರೆಂಚ್ ಮತ್ತು ಟಬಿಥಾ ಲೈಟ್‌ಫುಟ್ ಎಂಬ ಇಬ್ಬರು ಹೆಂಗಸರು ಹೋದರು. ಹೊತ್ತು ಮುಳುಗಿದ ಮೇಲೆ ಹೊರಗೆ ಬಂದವರೂ ಇಬ್ಬರೇ. ಆದರೆ ಕ್ಯಾರೊಲಿನ್‌ಳ ಬಟ್ಟೆ ತೊಟ್ಟು ಹೊರಬಂದವಳು ಲೂಸಿ. ಅವಳ ಜಾಗದಲ್ಲಿ ಒಳಗೆ ಉಳಿದವಳು ಕ್ಯಾರೊಲಿನ್. ಕಾವಲಿನವರಿಗೆ ಸುಳಿವು ಸಿಗುವಷ್ಟರಲ್ಲಿ ಲೂಸಿ ನದಿ ದಾಟಿ ಕೆನಡಾ ಸೇರಿದ್ದಳು. ಮರುದಿನ ಊರಿನ ಕಪ್ಪುಜನರ ಗುಂಪೊಂದು ಜೈಲಿನ ಮುಂದೆ ನೆರೆದು ಅವಳ ಗಂಡ ಥಾರ್ನ್‌ಟನ್‌ನನ್ನೂ ಬಿಡಿಸಿ ನದಿ ದಾಟಿಸಿತು. ಎರಡು ವರ್ಷದ ಹಿಂದೆ ಕೆಂಟಕಿಯ ಲೂಯಿವಿಲ್‌ನಿಂದ ಓಡಿಬಂದಿದ್ದ ಈ ದಂಪತಿಯನ್ನು ಹಿಂದಕ್ಕೊಪ್ಪಿಸಲು ಕೆನಡಾ ಸರಕಾರ ಒಪ್ಪಲಿಲ್ಲ. ಮುಂದೆ ಅವರು ಟೊರಾಂಟೊ ನಗರದ ಮೊದಲ ಬಾಡಿಗೆ ಕುದುರೆಗಾಡಿಯನ್ನು ಓಡಿಸಿದರು.

ಬ್ಲ್ಯಾಕ್‌ಬರ್ನ್ ದಂಪತಿಗೆ ಓದುಬರಹ ಬರುತ್ತಿರಲಿಲ್ಲ. ಅವರದೇ ಕೈಯ ಕಾಗದ ಒಂದೂ ಉಳಿದಿಲ್ಲ. 1985ರಲ್ಲಿ ಟೊರಾಂಟೊದ ಶಾಲೆಯೊಂದರ ಅಂಗಳವನ್ನು ಅಗೆದಾಗ ಅವರ ಮನೆಯ ಅಡಿಪಾಯ ಸಿಕ್ಕಿತು. ಪುರಾತತ್ವಜ್ಞೆ ಕ್ಯಾರೊಲಿನ್ ಸ್ಮಾರ್ಡ್ಜ್ ಫ್ರಾಸ್ಟ್ ಅಲ್ಲಿಂದ ಹಿಡಿದು ಕೆಂಟಕಿಯ ಕಡತಗಳವರೆಗೆ ಹುಡುಕಿ 2007ರಲ್ಲಿ ಅವರ ಚರಿತ್ರೆ ಬರೆದರು. ಲೂಸಿಯ ಕಥೆ ನಮಗೆ ದಕ್ಕಿದ್ದು ಹಾಗೆ, ನ್ಯಾಯಾಲಯದ ಕಡತ ಮತ್ತು ಮಣ್ಣಿನಡಿಯ ಪಿಂಗಾಣಿ ಚೂರುಗಳಿಂದ. ಆದರೆ ಜೈಲಿನ ಆ ಕೋಣೆಯಲ್ಲಿ ಬಟ್ಟೆ ಬದಲಿಸಿಕೊಳ್ಳುವಾಗ ಆ ಹೆಂಗಸರು ಏನು ಮಾತಾಡಿಕೊಂಡರು? ಸಿಕ್ಕಿಬಿದ್ದರೆ ತನ್ನನ್ನೇ ದಕ್ಷಿಣಕ್ಕೆ ಮಾರಿಬಿಡಬಹುದು ಎಂದು ಗೊತ್ತಿದ್ದೂ ಕ್ಯಾರೊಲಿನ್ ಒಳಗೆ ಉಳಿದದ್ದು ಯಾವ ಧೈರ್ಯದ ಮೇಲೆ? ಇದಕ್ಕೆ ಕಡತದಲ್ಲಿ ಉತ್ತರವಿಲ್ಲ. ಐತಿಹಾಸಿಕ ಕಾದಂಬರಿಯ ಕೆಲಸ ಶುರುವಾಗುವುದು ಇಲ್ಲಿಂದ.

ಗುಲಾಮಗಿರಿ, ಅದರ ವಿರುದ್ಧದ ಚಳವಳಿ ಮತ್ತು ಹೆಂಗಸರ ಬದುಕು, ಈ ಮೂರನ್ನೂ ಒಟ್ಟಿಗೆ ಹಿಡಿಯುವ ಕಾದಂಬರಿಗಳ ಸಾಲು ಈಗ ದೊಡ್ಡದಾಗಿದೆ. ಅವುಗಳಲ್ಲಿ ಹಲವಕ್ಕೆ ಶಿಕಾಗೊ ಮತ್ತು ಡೆಟ್ರಾಯಿಟ್ ಸೀಮೆಯೊಡನೆ ನಂಟಿದೆ: ಒಂದು ಇಲ್ಲಿ ಮೊಳೆಯಿತು, ಒಂದರ ಹಿಂದಿನ ಸಂಗತಿ ಇಲ್ಲಿ ರಂಗ ಹತ್ತಿತು, ಕೆಲವು ಇಲ್ಲಿಂದಲೇ ಲಕ್ಷಾಂತರ ಓದುಗರನ್ನು ತಲುಪಿದವು. ಆದರೆ ಅವೆಲ್ಲ ಒಂದೇ ಮಟ್ಟದವಲ್ಲ. ಕೆಲವು ಕಾದಂಬರಿಗಳು ಗುಲಾಮ ಹೆಣ್ಣಿನ ದಿನದ ದುಡಿಮೆಯೊಳಗೆ ಇಳಿದು ಅವಳನ್ನು ಕಾಣಿಸುತ್ತವೆ. ಕೆಲವು ಅವಳ ಮೇಲಾದ ಹಿಂಸೆಯನ್ನು ಮಾತ್ರ ತೋರಿಸಿ, ಬಿಡುಗಡೆಯ ಕೀರ್ತಿಯನ್ನು ಬೇರೆಯವರ ಕೈಗಿಡುತ್ತವೆ. ಈ ವ್ಯತ್ಯಾಸವನ್ನು ಗಮನಿಸದೆ ಈ ಸಾಹಿತ್ಯವನ್ನು ಓದಿದರೆ ಅರ್ಧ ಓದಿದಂತೆ.

ಮೊದಲು ಮಾರ್ಗರೆಟ್ ವಾಕರ್ ಅವರ 'ಜುಬಿಲಿ'. 1934ರಲ್ಲಿ ವಾಕರ್ ಶಿಕಾಗೊದ ಮಗ್ಗುಲಿನ ಎವನ್‌ಸ್ಟನ್‌ನಲ್ಲಿ, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕೊನೆಯ ವರ್ಷದ ವಿದ್ಯಾರ್ಥಿನಿ. ಕಪ್ಪು ವಿದ್ಯಾರ್ಥಿನಿಯರಿಗೆ ಆಗ ವಿಶ್ವವಿದ್ಯಾಲಯದ ವಸತಿಗೃಹದಲ್ಲಿ ಜಾಗವಿರಲಿಲ್ಲ. ಅಜ್ಜಿ ಎಲ್ವೈರಾ ಡೋಜಿಯರ್ ರಾತ್ರಿಯ ಹೊತ್ತು ಹೇಳುತ್ತಿದ್ದ ಕಥೆಗಳನ್ನು, ಗುಲಾಮಳಾಗಿ ಹುಟ್ಟಿದ ಮುತ್ತಜ್ಜಿಯ ಬಾಳನ್ನು, ಕಾದಂಬರಿಯಾಗಿ ಬರೆಯಲು ಅವರು ಅಲ್ಲಿ ತೊಡಗಿದರು. ಪದವಿಯ ನಂತರ ಶಿಕಾಗೊದಲ್ಲಿ ಸರಕಾರದ ಬರಹಗಾರರ ಯೋಜನೆಯಲ್ಲಿ ಕೆಲಸ. ರಿಚರ್ಡ್ ರೈಟ್ ಮುಂತಾದವರಿದ್ದ ಸೌತ್ ಸೈಡ್ ಬರಹಗಾರರ ಬಳಗದ ಒಡನಾಟ. 1942ರಲ್ಲಿ ಕವಿಯಾಗಿ ಹೆಸರು. ಕಾದಂಬರಿ ಮಾತ್ರ ಕಾಯುತ್ತಲೇ ಇತ್ತು. ಮದುವೆ, ನಾಲ್ಕು ಮಕ್ಕಳು, ಮಿಸಿಸಿಪ್ಪಿಯ ಜಾಕ್ಸನ್ ಕಾಲೇಜಿನಲ್ಲಿ ಪಾಠ, ಇವುಗಳ ನಡುವೆ ಅವರು ಜಾರ್ಜಿಯ, ಅಲಬಾಮ ಸುತ್ತಿ ದಾಖಲೆ ಹುಡುಕಿದರು. ಅಯೋವ ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ. ಪ್ರಬಂಧವಾಗಿ ಒಪ್ಪಿಸಿದ್ದು 1965ರಲ್ಲಿ, ಪುಸ್ತಕ ಬಂದದ್ದು 1966ರಲ್ಲಿ. ಮೂವತ್ತು ವರ್ಷಗಳ ಕೃತಿ ಅದು.

ಕಥಾನಾಯಕಿ ವೈರಿ ಅಡುಗೆಯವಳು. ಒಡೆಯ ಜಾನ್ ಡಟನ್‌ನೇ ಅವಳ ತಂದೆ. ತಾಯಿ ಹೆಟ್ಟಾ ಹೆರಿಗೆಯಲ್ಲಿ ಸಾಯುವುದರಿಂದಲೇ ಕಾದಂಬರಿ ತೆರೆದುಕೊಳ್ಳುತ್ತದೆ. ಅಡುಗೆ ಕಲಿಸಿದ ಸ್ಯಾಲಿಯನ್ನು ಒಡತಿ ಮಾರಿಸಿಬಿಟ್ಟ ಮೇಲೆ ದೊಡ್ಡಮನೆಯ ಒಲೆ ವೈರಿಯ ಪಾಲಾಗುತ್ತದೆ. ಅಮೆರಿಕದ ಅಂತರ್ಯುದ್ಧಕ್ಕೆ ಮುಂಚಿನ ಕಾಲ, ಯುದ್ಧಕಾಲ, ಆಮೇಲಿನ ಪುನರ್ನಿರ್ಮಾಣ ಎಂಬ ಮೂರು ಭಾಗಗಳಲ್ಲೂ ಅವಳು ಮಾಡುವ ಕೆಲಸಗಳನ್ನು ವಾಕರ್ ಬಿಡದೆ ಬರೆಯುತ್ತಾರೆ. ಯಾವ ಸೊಪ್ಪು ಯಾವಾಗ ಕೊಯ್ಯಬೇಕು, ಜ್ವರಕ್ಕೆ ಯಾವ ಬೇರು, ಸಾಬೂನು ಕಾಯಿಸುವುದು ಹೇಗೆ, ಮೇಣದ ಬತ್ತಿ ಎರೆಯುವುದು ಹೇಗೆ. ಮೇಲುನೋಟಕ್ಕೆ ವಿವರಗಳ ಹೊರೆ ಎನ್ನಿಸಬಹುದು. ಆದರೆ ತೋಟದ ವ್ಯವಸ್ಥೆ ನಿಂತಿದ್ದೇ ಈ ಕೈಗಳ ಮೇಲೆ. ಅದನ್ನು ಬಿಟ್ಟು ಗುಲಾಮಗಿರಿಯ ಅರ್ಥಶಾಸ್ತ್ರ ಹೇಳಲು ಬರುವುದಿಲ್ಲ. ಸ್ವತಂತ್ರ ಕಮ್ಮಾರ ರ‍್ಯಾಂಡಲ್ ವೇರ್ ಓಡಿಬರಲು ಕರೆದಾಗ ವೈರಿ ಇಬ್ಬರು ಮಕ್ಕಳನ್ನು ಕರೆದುಕೊಂಡೇ ಹೊರಡುತ್ತಾಳೆ, ಆ ಕಾರಣಕ್ಕೇ ಸಿಕ್ಕಿಬೀಳುತ್ತಾಳೆ, ಚಾಟಿಯೇಟು ತಿನ್ನುತ್ತಾಳೆ. ಓಡಿಹೋದ ಗುಲಾಮರಲ್ಲಿ ಗಂಡಸರೇ ಹೆಚ್ಚಾಗಿದ್ದದ್ದು ಏಕೆ ಎಂಬ ಚರಿತ್ರಕಾರರ ಪ್ರಶ್ನೆಗೆ ಆ ಅಧ್ಯಾಯಕ್ಕಿಂತ ನೇರ ಉತ್ತರ ಬೇಕಿಲ್ಲ.

ಕೊನೆಯ ಭಾಗದ ಒಂದು ತಿರುವನ್ನು ವಿಶೇಷವಾಗಿ ಹೇಳಬೇಕು. ಬಿಡುಗಡೆಯ ನಂತರ ವೈರಿ ಮತ್ತು ಎರಡನೆಯ ಗಂಡ ಇನಿಸ್ ಬ್ರೌನ್ ಅಲಬಾಮದಲ್ಲಿ ಮನೆ ಕಟ್ಟುತ್ತಾರೆ. ಒಂದು ಮನೆಯನ್ನು ನೆರೆ ಒಯ್ಯುತ್ತದೆ, ಇನ್ನೊಂದನ್ನು ಕು ಕ್ಲಕ್ಸ್ ಕ್ಲ್ಯಾನಿನವರು ಸುಡುತ್ತಾರೆ. ಮತ್ತೆ ಕಟ್ಟಲು ವೈರಿಗೆ ಧೈರ್ಯವಿಲ್ಲ. ಹೀಗಿರುವಾಗ ನೆರೆಯ ಬಿಳಿಯ ಹೆಂಗಸೊಬ್ಬಳ ಹೆರಿಗೆಗೆ ಅವಳು ಕೈಕೊಡುತ್ತಾಳೆ. ಸೂಲಗಿತ್ತಿ ನಮ್ಮೂರಲ್ಲಿ ಉಳಿಯಲಿ ಎಂದು ಬಿಳಿಯರೇ ಬಂದು ಮನೆ ಕಟ್ಟಲು ಕೈಜೋಡಿಸುತ್ತಾರೆ. ಸಂವಿಧಾನದ ತಿದ್ದುಪಡಿ ಕೊಡಲಾಗದ ರಕ್ಷಣೆಯನ್ನು ಅವಳ ಕೈಕಸುಬು ಕೊಡುತ್ತದೆ. 1966ರ ಬಿಸಿಯಲ್ಲಿ, ಬ್ಲ್ಯಾಕ್ ಪವರ್ ಘೋಷಣೆ ಮೊಳಗುತ್ತಿದ್ದಾಗ, ವೈರಿ ತೀರಾ ಕ್ಷಮಾಶೀಲೆ ಎಂದು ಟೀಕಿಸಿದವರಿದ್ದರು. ಆ ಟೀಕೆ ನ್ಯಾಯದ್ದಲ್ಲ. ಬೆನ್ನ ಮೇಲಿನ ಬಾಸುಂಡೆಯನ್ನು ಬಿಚ್ಚಿ ತೋರಿಸಿ ಮಾತಾಡುವ ವೈರಿ ಏನನ್ನೂ ಮರೆತವಳಲ್ಲ. ಹತ್ತು ವರ್ಷದ ನಂತರ ಬಂದ ಅಲೆಕ್ಸ್ ಹೇಲಿಯ 'ರೂಟ್ಸ್' ಜಗತ್ತನ್ನೇ ಗೆದ್ದಿತು. ಗಂಡು ಮೂಲಪುರುಷನೊಬ್ಬನಿಂದ ವಂಶ ಎಣಿಸುವ ಆ ಕಥೆಯ ಸದ್ದಿನಲ್ಲಿ ಮುತ್ತಜ್ಜಿಯ ಒಲೆಯಿಂದ ಎಣಿಸಿದ ವಾಕರ್ ಹಿಂದೆ ಸರಿದರು. ವಾಕರ್‌ಗೆ ಡೆಟ್ರಾಯಿಟ್ ಮಾತ್ರ ನೆಲೆ ಕೊಟ್ಟಿತು: ಕವಿ ಡಡ್ಲಿ ರ‍್ಯಾಂಡಲ್ 1965ರಲ್ಲಿ ಅಲ್ಲಿ ಕಟ್ಟಿದ ಬ್ರಾಡ್‌ಸೈಡ್ ಪ್ರೆಸ್, 1970 ಮತ್ತು 1973ರಲ್ಲಿ ಅವರ ಎರಡು ಕವನ ಸಂಗ್ರಹಗಳನ್ನು ಪ್ರಕಟಿಸಿತು.

'ಜುಬಿಲಿ' ಅಜ್ಜಿಯ ಬಾಯಿಮಾತಿನಿಂದ ಹುಟ್ಟಿದರೆ, ಟೋನಿ ಮಾರಿಸನ್ ಅವರ 'ಬಿಲವೆಡ್' (1987) ಪತ್ರಿಕೆಯ ತುಣುಕಿನಿಂದ ಹುಟ್ಟಿತು. 1856ರ ಜನವರಿಯಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಮಾರ್ಗರೆಟ್ ಗಾರ್ನರ್ ಹೆಪ್ಪುಗಟ್ಟಿದ ಒಹಾಯೊ ನದಿಯ ಮೇಲೆ ನಡೆದು ಸಿನ್ಸಿನಾಟಿ ಸೇರಿದಳು. ಹಿಡಿಯಲು ಬಂದವರ ಕೈಗೆ ಮಕ್ಕಳು ಸಿಗಬಾರದೆಂದು ಎರಡು ವರ್ಷದ ಮಗಳ ಕತ್ತು ಕುಯ್ದಳು. ಅವಳ ಮೇಲೆ ಕೊಲೆಯ ಆರೋಪ ಹೊರಿಸಬೇಕೋ, ಆಸ್ತಿಯೆಂದು ಒಡೆಯನಿಗೆ ಒಪ್ಪಿಸಬೇಕೋ ಎಂದು ನ್ಯಾಯಾಲಯ ವಾದ ಕೇಳಿತು. ಕೊಲೆ ಎನ್ನಬೇಕಾದರೆ ಸತ್ತ ಮಗು ಮನುಷ್ಯಳಾಗಬೇಕಿತ್ತು. ಆಸ್ತಿಯ ವಾದವೇ ಗೆದ್ದಿತು. ಈ ಸಂಗತಿಯ ಮೇಲೆ ಮಾರಿಸನ್ ಅವರೇ ಗೀತಪಠ್ಯ ಬರೆದ, ರಿಚರ್ಡ್ ಡೇನಿಯಲ್‌ಪೋರ್ ಸಂಗೀತದ 'ಮಾರ್ಗರೆಟ್ ಗಾರ್ನರ್' ಆಪೆರಾ ಮೊದಲ ಪ್ರಯೋಗ ಕಂಡದ್ದು 2005ರ ಮೇ 7ರಂದು, ಡೆಟ್ರಾಯಿಟ್ ಆಪೆರಾ ಹೌಸಿನಲ್ಲಿ. ಅದಕ್ಕೂ ಮುಂಚೆ, 1998ರಲ್ಲಿ, ಶಿಕಾಗೊದ ಓಪ್ರಾ ವಿನ್‌ಫ್ರೀ ಕಾದಂಬರಿಯನ್ನು ಚಲನಚಿತ್ರವಾಗಿಸಿ ತಾವೇ ಕಥಾನಾಯಕಿ ಸೆಥೆಯ ಪಾತ್ರ ವಹಿಸಿದ್ದರು. ಚಿತ್ರ ಹಣ ತರಲಿಲ್ಲ. ಆದರೂ ಅಷ್ಟು ಕಷ್ಟದ ಕಾದಂಬರಿಯನ್ನು ಸರಳಗೊಳಿಸದೆ ತೆರೆಗೆ ತಂದ ಆ ಹಟವನ್ನು ಮೆಚ್ಚಲೇಬೇಕು.

ದಾಖಲೆಯೇ ಇಲ್ಲದಿದ್ದರೆ? ಗೇಲ್ ಜೋನ್ಸ್ ಅವರ 'ಕೊರೆಜಿಡೋರಾ' (1975) ಈ ಪ್ರಶ್ನೆಯನ್ನೇ ಕಥಾವಸ್ತು ಮಾಡಿಕೊಂಡಿದೆ. ಜೋನ್ಸ್ ಆ ವರ್ಷಗಳಲ್ಲಿ ಡೆಟ್ರಾಯಿಟ್ ಹತ್ತಿರದ ಆ್ಯನ್ ಆರ್ಬರ್‌ನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಅಧ್ಯಾಪಕಿ. ಅವರ ಸಂಪಾದಕಿ ಮಾರಿಸನ್. ಬ್ರೆಜಿಲ್‌ನ ಒಡೆಯನೊಬ್ಬ ಗುಲಾಮ ಹೆಣ್ಣಿನ ಮೇಲೆ, ಆಮೇಲೆ ತನಗೇ ಹುಟ್ಟಿದ ಮಗಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಗುಲಾಮಗಿರಿ ರದ್ದಾದಾಗ ಕಾಗದಪತ್ರಗಳನ್ನೆಲ್ಲ ಸುಡಲಾಗುತ್ತದೆ. ಆಗ ಆ ಮನೆತನದ ಹೆಂಗಸರು ಹೆಣ್ಣುಮಕ್ಕಳನ್ನು ಹೆತ್ತು, ಸಾಕ್ಷ್ಯವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುವ ನಿಶ್ಚಯ ಮಾಡುತ್ತಾರೆ. ನಾಲ್ಕನೆಯ ತಲೆಮಾರಿನ ಹಾಡುಗಾತಿ ಅರ್ಸಾ ಹೆರಲಾರಳು. ಸಾಕ್ಷ್ಯವನ್ನು ಅವಳು ಹಾಡಿನಲ್ಲಿ ಒಯ್ಯಬೇಕು. ಓದಲು ಎದೆ ಗಟ್ಟಿಯಿರಬೇಕಾದ ಪುಸ್ತಕ. ಆದರೆ ಗುಲಾಮಗಿರಿ ಕಾಯಿದೆಯಿಂದ ಮುಗಿಯದು ಎಂಬುದನ್ನು ಇಷ್ಟು ಒಳಗಿನಿಂದ ಹೇಳಿದ ಕಾದಂಬರಿ ವಿರಳ.

ಡೆಟ್ರಾಯಿಟ್‌ನಲ್ಲಿ ಹುಟ್ಟಿದ ಆಲಿಸ್ ರ‍್ಯಾಂಡಲ್ ನೇರ ಜಗಳಕ್ಕೇ ಇಳಿದರು. 'ಗಾನ್ ವಿತ್ ದ ವಿಂಡ್' ಕಾದಂಬರಿಯ ಲೋಕವನ್ನು ಅಲ್ಲಿನ ಗುಲಾಮ ಹೆಣ್ಣೊಬ್ಬಳ ಬಾಯಲ್ಲಿ ತಿರುಗಿ ಹೇಳಿಸಿದ 'ದ ವಿಂಡ್ ಡನ್ ಗಾನ್' 2001ರಲ್ಲಿ ಸಿದ್ಧವಾದಾಗ, ಮಾರ್ಗರೆಟ್ ಮಿಚೆಲ್ ವಾರಸುದಾರರು ಕೃತಿಸ್ವಾಮ್ಯದ ಹೆಸರಿನಲ್ಲಿ ತಡೆಯಾಜ್ಞೆ ತಂದರು. ಮೇಲ್ಮನವಿ ನ್ಯಾಯಾಲಯ ಅದನ್ನು ತೆರವುಗೊಳಿಸಿತು. ಸಾಹಿತ್ಯವಾಗಿ ಅದು 'ಜುಬಿಲಿ'ಯ ಎತ್ತರದ್ದಲ್ಲ. ಆದರೂ ದಕ್ಷಿಣದ ಕಥೆಯನ್ನು ಹೇಳುವ ಹಕ್ಕು ಯಾರದು ಎಂಬ ಪ್ರಶ್ನೆ ನ್ಯಾಯಾಲಯದವರೆಗೂ ಹೋಯಿತೆಂಬುದು ಸಣ್ಣ ಮಾತಲ್ಲ.

ಇನ್ನು ಚಳವಳಿಯ ಕಡೆಗೆ. ಸ್ಯೂ ಮಂಕ್ ಕಿಡ್ ಅವರ 'ದಿ ಇನ್‌ವೆನ್ಷನ್ ಆಫ್ ವಿಂಗ್ಸ್' (2014) ಓಪ್ರಾ ಅವರ ಓದುಗ ಕೂಟದ ಆಯ್ಕೆಯಾಗಿ ಮನೆಮನೆ ಸೇರಿತು. ದಕ್ಷಿಣ ಕ್ಯಾರೊಲಿನದ ಚಾರ್ಲ್ಸ್‌ಟನ್‌ನಲ್ಲಿ ಗುಲಾಮರ ಒಡೆಯನಾಗಿದ್ದ ನ್ಯಾಯಾಧೀಶನ ಮಗಳು ಸಾರಾ ಗ್ರಿಮ್ಕೆ (1792–1873). ಹನ್ನೊಂದನೆಯ ಹುಟ್ಟುಹಬ್ಬಕ್ಕೆ ಅವಳಿಗೆ ಉಡುಗೊರೆಯಾಗಿ ಸಿಗುವವಳು ಹ್ಯಾಂಡ್‌ಫುಲ್ ಎಂಬ ಹುಡುಗಿ. ಸಾರಾ ಮತ್ತು ತಂಗಿ ಆ್ಯಂಜಲಿನಾ ನಿಜವಾದ ವ್ಯಕ್ತಿಗಳು. ಅಕ್ಕತಂಗಿಯರು ಊರು ಬಿಟ್ಟು ಉತ್ತರಕ್ಕೆ ಬಂದು ಚಳವಳಿ ಸೇರಿದರು. 1838ರಲ್ಲಿ ಆ್ಯಂಜಲಿನಾ ಮ್ಯಾಸಚೂಸೆಟ್ಸ್ ಶಾಸನಸಭೆಯ ಸಮಿತಿಯ ಮುಂದೆ ಮಾತಾಡಿದಳು. ಅಮೆರಿಕದ ಶಾಸನಸಭೆಯೊಂದರ ಎದುರು ಹೆಣ್ಣು ಮಾತಾಡಿದ್ದು ಅದೇ ಮೊದಲು. ಹೆಂಗಸು ಸಭೆಯಲ್ಲಿ ಮಾತಾಡಬಾರದು ಎಂದು ಪಾದ್ರಿಗಳು ಹರಿಹಾಯ್ದಾಗ, ಗುಲಾಮರ ಪರ ವಾದಿಸಲು ಬಂದ ಅಕ್ಕತಂಗಿಯರು ಹೆಣ್ಣಿನ ಹಕ್ಕಿನ ಪರವೂ ವಾದಿಸಬೇಕಾಯಿತು. ಅಮೆರಿಕದ ಮಹಿಳಾ ಚಳವಳಿಯ ಒಂದು ಬೇರು ಇಲ್ಲಿದೆ.

ಕಿಡ್ ಅವರ ಕಾದಂಬರಿಯಲ್ಲಿ ನಿಜಕ್ಕೂ ಜೀವ ತುಂಬಿರುವುದು ಸಾರಾಳ ಭಾಷಣಗಳಲ್ಲಲ್ಲ, ಹ್ಯಾಂಡ್‌ಫುಲ್‌ಳ ತಾಯಿ ಷಾರ್ಲೆಟ್‌ಳ ಸೂಜಿಯಲ್ಲಿ. ಅಕ್ಷರ ಬಾರದ ಅವಳು ತನ್ನ ಬಾಳಿನ ಕಥೆಯನ್ನು ಕೌದಿಯ ಚೌಕಗಳಲ್ಲಿ ಹೊಲಿಯುತ್ತಾಳೆ. ಇದಕ್ಕೆ ಹ್ಯಾರಿಯೆಟ್ ಪವರ್ಸ್ ಎಂಬ ಜಾರ್ಜಿಯದ ಹೆಣ್ಣುಮಗಳು ಹೊಲಿದ, ಇಂದಿಗೂ ಸಂಗ್ರಹಾಲಯಗಳಲ್ಲಿ ಉಳಿದಿರುವ ಕೌದಿಗಳು ಪ್ರೇರಣೆ. ಆದರೆ ಇತಿಹಾಸದ ಹೆಟ್ಟಿ, ಸಾರಾಳಿಗೆ ನಿಜವಾಗಿ ಕೊಟ್ಟಿದ್ದ ಹುಡುಗಿ, ಚಿಕ್ಕಂದಿನಲ್ಲೇ ಸತ್ತಳು. ಅವಳಿಗೆ ಕಾದಂಬರಿ ಆಯಸ್ಸು ಕೊಟ್ಟಿತು; ಜೊತೆಗೆ ಬಿಡುಗಡೆಯನ್ನು ಸಾರಾಳ ಕೈಹಿಡಿದು ಬರುವಂತೆ ಜೋಡಿಸಿತು. ಇಲ್ಲೇ ತಕರಾರು. ಕೆರಿ ಗ್ರೀನಿಜ್ ಅವರ 2022ರ ಚರಿತ್ರೆ 'ದ ಗ್ರಿಮ್ಕೀಸ್' ಆ ಮನೆತನದ ಇನ್ನೊಂದು ಕವಲನ್ನು ಮುಂದಕ್ಕೆ ತಂದಿದೆ. ಸೋದರ ಹೆನ್ರಿ ಮತ್ತು ಗುಲಾಮಳಾಗಿದ್ದ ನ್ಯಾನ್ಸಿ ವೆಸ್ಟನ್‌ಳ ಮಕ್ಕಳಾದ ಆರ್ಚಿಬಾಲ್ಡ್ ಮತ್ತು ಫ್ರಾನ್ಸಿಸ್ ಇರುವುದು ಚಳವಳಿಯ ಸೋದರತ್ತೆಯರಿಗೆ ಗೊತ್ತಾದದ್ದು 1868ರಲ್ಲಿ, ಯುದ್ಧ ಮುಗಿದು ಮೂರು ವರ್ಷದ ನಂತರ. ನ್ಯಾನ್ಸಿ ವೆಸ್ಟನ್ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಮೂರು ಗಂಡುಮಕ್ಕಳನ್ನು ಸಾಕಿದ ಆ ವರ್ಷಗಳು ಇನ್ನೊಂದು ಕಾದಂಬರಿಗಾಗಿ ಕಾದಿವೆ.

ಸಹಾನುಭೂತಿಯ ಕೈ ಹೆಣ್ಣಿನ ಮಾತನ್ನೇ ಬದಲಿಸಿಬಿಡುವ ಉದಾಹರಣೆಗೆ ದೂರ ಹೋಗಬೇಕಿಲ್ಲ. ಶಿಕಾಗೊ-ಡೆಟ್ರಾಯಿಟ್ ನಡುವಿನ ಐ-94 ಹೆದ್ದಾರಿಯಲ್ಲಿ ಬ್ಯಾಟಲ್ ಕ್ರೀಕ್ ಸಿಗುತ್ತದೆ. ಸೋಜರ್ನರ್ ಟ್ರೂತ್ 1857ರಲ್ಲಿ ಆ ಸೀಮೆಗೆ ಬಂದು ನೆಲೆಸಿದಳು. 1883ರಲ್ಲಿ ತೀರಿಕೊಂಡದ್ದೂ ಮಣ್ಣಾದದ್ದೂ ಅಲ್ಲೇ. ನ್ಯೂಯಾರ್ಕಿನ ಡಚ್ ಮನೆಯೊಂದರಲ್ಲಿ ಗುಲಾಮಳಾಗಿ ಹುಟ್ಟಿದ ಆಕೆಯ ಮೊದಲ ಭಾಷೆ ಡಚ್. ಅಲಬಾಮಕ್ಕೆ ಮಾರಿಹೋಗಿದ್ದ ಮಗನನ್ನು 1828ರಲ್ಲಿ ನ್ಯಾಯಾಲಯದಲ್ಲಿ ಹೋರಾಡಿ ಬಿಡಿಸಿಕೊಂಡವಳು. 1851ರಲ್ಲಿ ಒಹಾಯೊದ ಏಕ್ರನ್‌ನಲ್ಲಿ ಆಕೆ ಮಾಡಿದ ಭಾಷಣ ಜಗತ್ಪ್ರಸಿದ್ಧ. ಆದರೆ ಆ ತಿಂಗಳುಗಳಲ್ಲೇ ಅಚ್ಚಾದ ವರದಿಯಲ್ಲಿ 'ನಾನು ಹೆಣ್ಣಲ್ಲವೇ?' ಎಂಬ ಆ ಪ್ರಸಿದ್ಧ ಪಲ್ಲವಿ ಇಲ್ಲ. ಅದು ಕಾಣಿಸಿಕೊಳ್ಳುವುದು ಹನ್ನೆರಡು ವರ್ಷದ ನಂತರ ಫ್ರಾನ್ಸಿಸ್ ಗೇಜ್ ಎಂಬ ಬಿಳಿಯ ಚಳವಳಿಗಾರ್ತಿ ಬರೆದ ರೂಪದಲ್ಲಿ. ಗೇಜ್ ಆಕೆಯ ಬಾಯಿಗೆ ದಕ್ಷಿಣದ ತೋಟಗಳ ಮಾತಿನ ಧಾಟಿಯನ್ನೂ ಹದಿಮೂರು ಮಕ್ಕಳ ಲೆಕ್ಕವನ್ನೂ ಹಾಕಿದಳು. ಟ್ರೂತ್ ಹೆತ್ತದ್ದು ಐದು ಮಕ್ಕಳನ್ನು. ಚರಿತ್ರೆಯ ಪುಸ್ತಕಗಳು ಬಹುಕಾಲ ಈ ಎರಡನೆಯ ರೂಪವನ್ನೇ ದಾಖಲೆಯೆಂದು ಅಚ್ಚು ಮಾಡಿದವು. ದಾಖಲೆ ಸತ್ಯ, ಕಾದಂಬರಿ ಕಲ್ಪನೆ ಎಂದು ಗೆರೆ ಎಳೆಯುವವರು ಇದನ್ನು ನೆನಪಿಡಬೇಕು.

ಹಾಗೆಂದು ಬಿಳಿಯ ಹೆಂಗಸರ ಕೆಲಸವನ್ನು ತಳ್ಳಿಹಾಕುವುದೂ ಅನ್ಯಾಯ. ಮಿಶಿಗನ್‌ನ ಲೆನಾವಿ ಕೌಂಟಿಯಲ್ಲಿ ಕವಿ ಎಲಿಜಬೆತ್ ಮಾರ್ಗರೆಟ್ ಚಾಂಡ್ಲರ್ ಮತ್ತು ಲಾರಾ ಹ್ಯಾವಿಲೆಂಡ್ 1832ರಲ್ಲಿ ಗುಲಾಮಗಿರಿ ವಿರೋಧಿ ಸಂಘ ಕಟ್ಟಿದರು. ಚಾಂಡ್ಲರ್ ಎರಡೇ ವರ್ಷದಲ್ಲಿ ತೀರಿಕೊಂಡಳು. ಹ್ಯಾವಿಲೆಂಡ್ ಗಂಡನ ಜೊತೆ ಸೇರಿ ಗಂಡುಹೆಣ್ಣು, ಕಪ್ಪುಬಿಳುಪು ಎನ್ನದೆ ಎಲ್ಲರಿಗೂ ತೆರೆದ ರೇಸಿನ್ ಶಾಲೆ ನಡೆಸಿದಳು, ಓಡಿಬಂದವರನ್ನು ಕೆನಡಾಕ್ಕೆ ದಾಟಿಸಿದಳು. 1863ರಲ್ಲಿ ಶಿಕಾಗೊದಲ್ಲಿ ಸೈನಿಕರ ನಿಧಿಗಾಗಿ ದೊಡ್ಡ ಮೇಳ ನಡೆಸಿದವರು ಮೇರಿ ಲಿವರ್‌ಮೋರ್ ಮತ್ತು ಜೇನ್ ಹೋಗ್. ಮೇಳಕ್ಕೆಂದು ಲಿಂಕನ್ ತನ್ನ ಕೈಬರಹದ ವಿಮೋಚನಾ ಘೋಷಣೆಯ ಪ್ರತಿಯನ್ನೇ ಕಳಿಸಿದ. ಅದು 3,000 ಡಾಲರಿಗೆ ಹರಾಜಾಯಿತು. ಮೇಳದ ಮಂಟಪ ಕಟ್ಟಿಸಲು ಕರಾರು ಮಾಡಹೋದಾಗ ಮಾತ್ರ ಈ ಇಬ್ಬರು ಹೆಂಗಸರ ಸಹಿಗೆ ಬೆಲೆಯಿಲ್ಲ, ಗಂಡಂದಿರ ಸಹಿ ಬೇಕು ಎಂಬ ಉತ್ತರ ಬಂತು. ಅಲ್ಲಿಂದ ಲಿವರ್‌ಮೋರ್ ಮತದಾನದ ಹಕ್ಕಿನ ಹೋರಾಟಕ್ಕೆ ತಿರುಗಿದಳು. ಆ ಕೈಬರಹದ ಪ್ರತಿ 1871ರ ಶಿಕಾಗೊ ಬೆಂಕಿಯಲ್ಲಿ ಸುಟ್ಟುಹೋಯಿತು.

ಉತ್ತರ ಎಂದರೆ ಬಿಡುಗಡೆಯ ನೆಲ ಎಂಬ ನಂಬಿಕೆಯನ್ನೂ ಈ ಸೀಮೆ ಅಲುಗಿಸುತ್ತದೆ. ಇಲಿನಾಯ್ ರಾಜ್ಯದ 'ಕಪ್ಪು ಕಾಯಿದೆ'ಗಳು 1865ರವರೆಗೂ ಇದ್ದವು. 1845ರಲ್ಲಿ ಶಿಕಾಗೊಗೆ ಬಂದ ಮೇರಿ ಜೋನ್ಸ್ ಮತ್ತು ಆಕೆಯ ಗಂಡ, ದರ್ಜಿ ಜಾನ್ ಜೋನ್ಸ್, ಹುಟ್ಟಿನಿಂದ ಸ್ವತಂತ್ರರಾಗಿದ್ದರೂ ಅದಕ್ಕೆ ಪ್ರಮಾಣಪತ್ರ ಇಟ್ಟುಕೊಂಡೇ ಓಡಾಡಬೇಕಿತ್ತು. ಓಡಿಬಂದವರಿಗೆ ಅವರ ಮನೆ ತಂಗುದಾಣ. ಜಾನ್ ಬ್ರೌನ್, ಫ್ರೆಡರಿಕ್ ಡಗ್ಲಾಸ್ ಬಂದುಹೋದ ಮನೆ. ಆ ಕಾಯಿದೆಗಳ ವಿರುದ್ಧ ಕರಪತ್ರ ಬರೆದ ಜಾನ್ ಹೆಸರು ಪುಸ್ತಕಗಳಲ್ಲಿದೆ. ಬಂದವರಿಗೆಲ್ಲ ಉಣ್ಣಲಿಕ್ಕಿ ಹಾಸಿಗೆ ಹಾಸಿಕೊಟ್ಟ ಮೇರಿಯ ಹೆಸರು ಈಚೆಗಷ್ಟೇ ಸೇರುತ್ತಿದೆ. 1842ರಲ್ಲಿ ಸೇಂಟ್ ಲೂಯಿಸ್‌ನಿಂದ ಒಬ್ಬಳೇ ತಪ್ಪಿಸಿಕೊಂಡ ಹದಿನಾರರ ಹುಡುಗಿ ಕ್ಯಾರೊಲಿನ್ ಕ್ವಾರ್ಲ್ಸ್, ವಿಸ್ಕಾನ್ಸಿನ್‌ನಿಂದ ಶಿಕಾಗೊ ಬಳಸಿಕೊಂಡು, ಮಿಶಿಗನ್ ದಾಟಿ, ಡೆಟ್ರಾಯಿಟ್‌ನಲ್ಲಿ ದೋಣಿ ಹತ್ತಿದಳು.

ಡೆಟ್ರಾಯಿಟ್‌ನಲ್ಲಂತೂ ಗುಲಾಮಗಿರಿಯೇ ಇತ್ತು. 1782ರ ಗಣತಿಯಲ್ಲಿ ಸುಮಾರು 180 ಗುಲಾಮರು. ಆ ಕಾಲದ ಡೆಟ್ರಾಯಿಟ್ ಗುಲಾಮರಲ್ಲಿ ಹಲವರು ಮೂಲನಿವಾಸಿ ಹೆಂಗಸರು. 1796ರಲ್ಲಿ ಸತ್ತ ವ್ಯಾಪಾರಿ ವಿಲಿಯಂ ಮಕೋಂಬ್‌ನ ಆಸ್ತಿಪಟ್ಟಿಯಲ್ಲಿ 26 ಮಂದಿ ಗುಲಾಮರು. ಆ ಮನೆತನದ ಹೆಸರು ಇಂದಿಗೂ ಅಲ್ಲಿನ ಬೀದಿಯ ಹೆಸರು. ಇದನ್ನೆಲ್ಲ ಹೊರತೆಗೆದವರು ಆಗ ಮಿಶಿಗನ್ ವಿಶ್ವವಿದ್ಯಾಲಯದಲ್ಲಿದ್ದ ಚರಿತ್ರಕಾರ್ತಿ ಟಾಯಾ ಮೈಲ್ಸ್, 'ದ ಡಾನ್ ಆಫ್ ಡೆಟ್ರಾಯಿಟ್' (2017) ಪುಸ್ತಕದಲ್ಲಿ. ಅವರು ಕಾದಂಬರಿಗಾರ್ತಿಯೂ ಹೌದು. 2015ರ 'ದ ಚೆರೊಕೀ ರೋಸ್', ಗುಲಾಮರನ್ನು ಇಟ್ಟುಕೊಂಡಿದ್ದ ಚೆರೊಕೀ ಮುಖಂಡನ ಮನೆಯ ಹೆಂಗಸರ ಕಥೆ. 2021ರಲ್ಲಿ ನ್ಯಾಷನಲ್ ಬುಕ್ ಅವಾರ್ಡ್ ಪಡೆದ 'ಆಲ್ ದಟ್ ಶಿ ಕ್ಯಾರೀಡ್', ಮಾರಾಟವಾಗಲಿದ್ದ ಒಂಬತ್ತು ವರ್ಷದ ಆ್ಯಷ್ಲಿಗೆ ತಾಯಿ ರೋಸ್ ಕೊಟ್ಟ ಒಂದು ಬಟ್ಟೆಚೀಲದ ಬೆನ್ನು ಹತ್ತಿದ ಚರಿತ್ರೆ. ಚೀಲದಲ್ಲಿದ್ದದ್ದು ಹರಕು ಅಂಗಿ, ಮೂರು ಹಿಡಿ ಕಾಯಿ, ತಾಯಿಯ ಜಡೆಯ ತುಂಡು. ಈ ಕಥೆಯನ್ನು ಆ್ಯಷ್ಲಿಯ ಮೊಮ್ಮಗಳು 1921ರಲ್ಲಿ ಆ ಚೀಲದ ಮೇಲೆಯೇ ಕಸೂತಿಯಲ್ಲಿ ಬರೆದಿಟ್ಟಳು.

ಡೆಟ್ರಾಯಿಟ್ ಸೀಮೆಯ ಬಾಳುಗಳಲ್ಲಿ ಅತ್ಯಂತ ದೊಡ್ಡದು ಲಿಸೆಟ್ ಡೆನಿಸನ್ ಫೋರ್ತ್‌ಳದು. ಒಡೆಯ ವಿಲಿಯಂ ಟಕರ್ ತನ್ನ ಉಯಿಲಿನಲ್ಲಿ ಅವಳ ತಂದೆ ಪೀಟರ್, ತಾಯಿ ಹ್ಯಾನಾಗೆ ಬಿಡುಗಡೆ ಬರೆದ, ಮಕ್ಕಳಿಗೆ ಬರೆಯಲಿಲ್ಲ. ಹೆತ್ತವರು 1807ರಲ್ಲಿ ಮಕ್ಕಳ ಪರವಾಗಿ ನ್ಯಾಯಾಲಯಕ್ಕೆ ಹೋದರು. ಬ್ರಿಟಿಷರ ಕಾಲದ ಒಡೆತನವನ್ನು ಬ್ರಿಟನ್ ಜೊತೆಗಿನ ಒಪ್ಪಂದ ಕಾಪಾಡುತ್ತದೆ ಎಂದು ನ್ಯಾಯಾಧೀಶ ಆಗಸ್ಟಸ್ ವುಡ್‌ವರ್ಡ್ ಅವರ ಕೋರಿಕೆಯನ್ನು ತಳ್ಳಿಹಾಕಿದ. ಮರುತಿಂಗಳೇ ಅದೇ ನ್ಯಾಯಾಧೀಶ, ಕೆನಡಾದಿಂದ ಓಡಿಬಂದ ಗುಲಾಮರನ್ನು ಹಿಂದಕ್ಕೆ ಕೊಡಬೇಕಿಲ್ಲ ಎಂದು ಇನ್ನೊಂದು ಮೊಕದ್ದಮೆಯಲ್ಲಿ ತೀರ್ಪಿತ್ತ. ಡೆನಿಸನ್ ಕುಟುಂಬ ಆ ಎರಡನೆಯ ತೀರ್ಪಿನ ದಾರಿ ಹಿಡಿಯಿತು: ನದಿ ದಾಟಿ ಕೆನಡಾದಲ್ಲಿದ್ದು, ಕೆಲವು ವರ್ಷಗಳ ಮೇಲೆ ಸ್ವತಂತ್ರರಾಗಿ ಹಿಂತಿರುಗಿತು. ಲಿಸೆಟ್ ಊರಿನ ಗಣ್ಯರ ಮನೆಗಳಲ್ಲಿ ಮನೆಗೆಲಸ ಮಾಡಿದಳು, ಕೂಲಿ ಕೂಡಿಟ್ಟಳು. 1825ರಲ್ಲಿ ಪಾಂಟಿಯಾಕ್‌ನಲ್ಲಿ 48 ಎಕರೆಗೂ ಮಿಕ್ಕಿ ನೆಲ ಕೊಂಡಳು, ಹಬೆದೋಣಿ ಮತ್ತು ಬ್ಯಾಂಕಿನ ಪಾಲುಗಳಲ್ಲಿ ಹಣ ತೊಡಗಿಸಿದಳು, ಬಿಡಲ್ ಕುಟುಂಬದ ಜೊತೆ ಪ್ಯಾರಿಸ್‌ಗೂ ಹೋಗಿಬಂದಳು. ಓದು ಬಾರದ ಆಕೆ 1866ರಲ್ಲಿ ತೀರಿಕೊಂಡಾಗ, ಬಡವರು ಬಲ್ಲಿದರು ಒಟ್ಟಿಗೆ ಕೂತು ಪ್ರಾರ್ಥಿಸುವ ಚರ್ಚಿಗೆಂದು ಉಳಿತಾಯದ ಬಹುಪಾಲನ್ನು ಬಿಟ್ಟಿದ್ದಳು. ಗ್ರೋಸ್ ಈಲ್ ದ್ವೀಪದ ಸೇಂಟ್ ಜೇಮ್ಸ್ ಚರ್ಚು ಆ ಹಣದಿಂದ ಎದ್ದದ್ದು.

ಲಿಸೆಟ್‌ಗಾಗಲಿ, ಲೂಸಿಗಾಗಲಿ, ಮೇರಿ ಜೋನ್ಸ್‌ಗಾಗಲಿ 'ಬಿಲವೆಡ್' ಅಥವಾ 'ಜುಬಿಲಿ'ಯ ಹೆಸರು ಪಡೆದ ಕಾದಂಬರಿ ಇನ್ನೂ ದಕ್ಕಿಲ್ಲ. ದಕ್ಷಿಣದ ಹತ್ತಿ ತೋಟ ಓದುಗರ ಮನಸ್ಸನ್ನು ಅಷ್ಟು ಆವರಿಸಿದೆ. ಚಾಟಿಯಿಲ್ಲದೆ, ನ್ಯಾಯಾಲಯದ ಸೂಕ್ಷ್ಮ ವಾದದಿಂದ ಮಕ್ಕಳನ್ನು ಕಿತ್ತುಕೊಳ್ಳುವ ಉತ್ತರದ ಗುಲಾಮಗಿರಿಗೆ ಬೇರೆಯೇ ಕಥನಕಲೆ ಬೇಕು.

ಕನ್ನಡದ ಓದುಗರಿಗೆ ಇದು ಪರದೇಶದ ಕಥೆಯಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಗುಲಾಮಗಿರಿಯ ಒಡೆತನಕ್ಕೆ ಕಾನೂನಿನ ಮಾನ್ಯತೆ ಹೋದದ್ದು 1843ರಲ್ಲಿ; ಜೀತ ಪದ್ಧತಿ ರದ್ದತಿ ಕಾಯಿದೆ ಬಂದದ್ದು 1976ರಲ್ಲಿ. ಜೋತಿಬಾ ಫುಲೆ 1873ರ 'ಗುಲಾಮಗಿರಿ'ಯನ್ನು ಅಮೆರಿಕದಲ್ಲಿ ಕಪ್ಪುಜನರ ಬಿಡುಗಡೆಗಾಗಿ ಹೋರಾಡಿದವರಿಗೆ ಅರ್ಪಿಸಿದರು. ಕಾರಂತರ 'ಚೋಮನ ದುಡಿ'ಯಲ್ಲಿ (1933) ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಬೆಳ್ಳಿಯ ಮೈಯೇ ಸಾಲದ ಬಾಬ್ತಾಗುತ್ತದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಗುತ್ತಿ ಮತ್ತು ತಿಮ್ಮಿ ಒಡೆಯರ ಹಿಡಿತ ತಪ್ಪಿಸಿ ಮಳೆಕಾಡಿನಲ್ಲಿ ಓಡುವ ಜೋಡಿ. ಬ್ಲ್ಯಾಕ್‌ಬರ್ನ್ ದಂಪತಿಯ ಕಥೆ ಓದಿದವರಿಗೆ ಅವರ ನೆನಪು ಬಾರದೆ ಇರದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಾಡುಗಳಲ್ಲಿ, ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ತರಲಾದವರ ವಂಶದ ಸಿದ್ದಿಯರಿದ್ದಾರೆ. ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಅಭ್ಯಾಸ ಮಾಡಿದ್ದಾರೆ, ಅವು ಅಮೆರಿಕದಲ್ಲಿ ಪ್ರದರ್ಶನಗೊಂಡಿವೆ. ಆ ಹೆಂಗಸರ ಅಜ್ಜಿ ಮುತ್ತಜ್ಜಿಯರ ಬಾಳನ್ನು ವಾಕರ್ ಅವರಷ್ಟು ತಾಳ್ಮೆಯಿಂದ ಹಿಡಿದ ದೊಡ್ಡ ಕನ್ನಡ ಕಾದಂಬರಿಗೆ ಜಾಗ ತೆರೆದೇ ಇದೆ.

ಶಿಕಾಗೊ-ಡೆಟ್ರಾಯಿಟ್ ಸೀಮೆಗೆ ಕನ್ನಡದ ನಂಟೂ ಇದೆ. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಕೂತು ಎ.ಕೆ. ರಾಮಾನುಜನ್ 1973ರಲ್ಲಿ ಅಕ್ಕಮಹಾದೇವಿಯ ವಚನಗಳನ್ನು ಇಂಗ್ಲಿಷಿಗೆ ಒಯ್ದರು. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ ಸಮ್ಮೇಳನ 2002ರಲ್ಲಿ ಡೆಟ್ರಾಯಿಟ್‌ನಲ್ಲಿ, 2008ರಲ್ಲಿ ಶಿಕಾಗೊದಲ್ಲಿ ನಡೆಯಿತು. ಶಿಕಾಗೊ ಬಳಿಯ ನೇಪರ್‌ವಿಲ್, ಡೆಟ್ರಾಯಿಟ್ ಬಳಿಯ ಟ್ರಾಯ್, ಕ್ಯಾಂಟನ್‌ಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಚರಿತ್ರೆಯ ಒಂದಲ್ಲ ಒಂದು ಜಾಗ ಒಂದು ಗಂಟೆಯ ಹಾದಿಯೊಳಗಿದೆ: ಶಿಕಾಗೊ ಕಡೆಯ ಲಂಬಾರ್ಡ್‌ನಲ್ಲಿ ಚಿತ್ರಕಾರ ಶೆಲ್ಡನ್ ಪೆಕ್ ಓಡಿಬಂದವರಿಗೆ ಆಸರೆ ಕೊಟ್ಟ ಮನೆ, 1836ರಲ್ಲಿ ಸ್ಥಾಪನೆಯಾದ ಡೆಟ್ರಾಯಿಟ್‌ನ ಸೆಕೆಂಡ್ ಬ್ಯಾಪ್ಟಿಸ್ಟ್ ಚರ್ಚು, ಹಾರ್ಟ್ ಪ್ಲಾಜಾದಲ್ಲಿ ನದಿಗೆ ಮುಖಮಾಡಿ ನಿಂತ ಬಿಡುಗಡೆಯ ಸ್ಮಾರಕ. ಅಲ್ಲಿನ ಕನ್ನಡ ಕೂಟಗಳ ಓದುಗ ಬಳಗಗಳು ಮುಂದಿನ ವರ್ಷದ ಪಟ್ಟಿಗೆ 'ಜುಬಿಲಿ'ಯನ್ನು ಸೇರಿಸಲಿ, ಅದರ ಜೊತೆಗೇ 'ದ ಡಾನ್ ಆಫ್ ಡೆಟ್ರಾಯಿಟ್' ಓದಲಿ. ಎರಡೂ ಭಾಷೆ ಚೆನ್ನಾಗಿ ಬಲ್ಲವರು ಇವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಲಿ.